ವಜ್ರಕ್ಕೂ ಪ್ರೊಬೇಷನ್

ಮೊನ್ನೆ ದೇವರ ಗೂಡು ಒರೆಸುವಾಗ ಮತ್ತೆ ಆ ಪೊಟ್ಟಣ ಕೈಗೆ ಸಿಕ್ಕಿತು. ಅಂಗೈ ಅಗಲದ ಬಿಳಿ ಕಾಗದ, ನಾಲ್ಕೈದು ಮಡಿಕೆ. ಬಿಳಿ ಅಂದರೆ ನೀವು ನಗುತ್ತೀರಿ, ಅರಿಶಿನ, ಕುಂಕುಮ, ದೀಪದೆಣ್ಣೆ ಎಲ್ಲ ಸೇರಿ ಅದಕ್ಕೀಗ ಹೆಸರಿಲ್ಲದ ಒಂದು ಬಣ್ಣ ಬಂದಿದೆ. ಒಳಗಿನಿಂದ ತೆಳು ನೀಲಿ ಕಾಗದದ ಅಂಚು ಇಣುಕುತ್ತದೆ. ಪೊಟ್ಟಣದೊಳಗೆ ಏನೂ ಇಲ್ಲ. ನಲವತ್ತು ವರ್ಷದಿಂದ ಖಾಲಿ. ಆದರೂ ಎಸೆಯುವ ಹಾಗಿಲ್ಲ, ನಮ್ಮತ್ತೆಯ ಅಪ್ಪಣೆ. ಜಯನಗರದ ಈ ಮನೆಗೆ ಮೂರು ಸಲ ಸುಣ್ಣಬಣ್ಣ ಆಗಿದೆ, ಒಂದು ಸಲ ಇಡೀ ಅಡುಗೆಮನೆಯನ್ನೇ ಕೆಡವಿ ಕಟ್ಟಿದ್ದೇವೆ, ಪೊಟ್ಟಣ ಮಾತ್ರ ಬತ್ತಿಯ ಡಬ್ಬಿಯ ಹಿಂದೆ ತನ್ನ ಜಾಗದಲ್ಲೇ ಇದೆ.

ಅದರಲ್ಲಿ ಒಂದು ಕಾಲಕ್ಕೆ ಆರು ದಿನ ವಜ್ರ ಇತ್ತು. ನನ್ನ ವಜ್ರ.

ಈಗಿನವರಿಗೆ ಇದು ಗೊತ್ತಿಲ್ಲದಿರಬಹುದು. ವಜ್ರವನ್ನು ನಾವು ಹಾಗೆಲ್ಲ ಅಂಗಡಿಗೆ ಹೋಗಿ, ನೋಡಿ, ಕಿವಿಗೆ ಏರಿಸಿಕೊಂಡು ಬರುತ್ತಿರಲಿಲ್ಲ. ಅದು ಮನೆಗೆ ಆಗಿಬರಬೇಕು. ಚಿನ್ನಕ್ಕೆ ಈ ಕಟ್ಟಳೆ ಇಲ್ಲ, ಚಿನ್ನ ಎಲ್ಲರಿಗೂ ಆಗಿಬರುತ್ತದೆ. ವಜ್ರ ಹಾಗಲ್ಲ, ಅದಕ್ಕೆ ಸೊಕ್ಕು ಜಾಸ್ತಿ. ಒಳಗೆಲ್ಲೋ ಕಾಗೆಕಾಲಿನಂಥ ಗೆರೆ ಇದ್ದರೆ, ಕಣ್ಣಿಗೆ ಕಾಣದ ಚುಕ್ಕೆ ಇದ್ದರೆ, ಮನೆಯನ್ನೇ ತಿಂದುಹಾಕುತ್ತದೆ ಅನ್ನುವ ನಂಬಿಕೆ. ಅದಕ್ಕೇ ಗಾಂಧಿಬಜಾರಿನ ಶೆಟ್ಟರು ಕಲ್ಲುಗಳನ್ನು ಪೊಟ್ಟಣ ಕಟ್ಟಿ ಕೊಟ್ಟುಬಿಡುವರು. ‘ಏಳು ದಿನ ದೇವರ ಮುಂದೆ ಇಡಿ ತಾಯಿ. ಮನಸ್ಸಿಗೆ ಬಂದ್ರೆ ಕಟ್ಟಿಸ್ಕೊಡ್ತೀನಿ, ಇಲ್ದಿದ್ರೆ ವಾಪಸ್ ತನ್ನಿ, ಬೇಜಾರಿಲ್ಲ’ ಅನ್ನುವರು. ಆ ಏಳು ದಿನದಲ್ಲಿ ಮನೆಯಲ್ಲಿ ಶುಭವಾದರೆ ಕಲ್ಲು ಪಾಸು. ಯಾರಿಗಾದರೂ ಜ್ವರ ಬಂದರೆ, ಹಸು ಹಾಲು ಕೊಡದಿದ್ದರೆ, ಕೆಟ್ಟ ಕನಸು ಬಿದ್ದರೆ ನಪಾಸು. ಸರ್ಕಾರಿ ನೌಕರನಿಗಾದರೂ ಪ್ರೊಬೇಷನ್ನಿನಲ್ಲಿ ಮೇಲ್ಮನವಿ ಇದೆ, ಪಾಪ, ವಜ್ರಕ್ಕೆ ಅದೂ ಇಲ್ಲ.

ನಾನು ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ನಮ್ಮತ್ತೆ ತಾವೇ ಹೋಗಿ ಏಳು ಕಲ್ಲಿನ ಓಲೆಗೆಂದು ಹದಿನಾಲ್ಕು ಕಲ್ಲು ತಂದರು. ದಿನಕ್ಕೆ ಹತ್ತು ಸಲ ನಾನು ಏನಾದರೂ ನೆಪ ಮಾಡಿಕೊಂಡು ದೇವರ ಮುಂದೆ ಹೋಗಿ ಕೈಮುಗಿಯುತ್ತಿದ್ದೆ. ಅಷ್ಟು ಭಕ್ತಿಯ ಸೊಸೆ ಸಿಕ್ಕಳಲ್ಲ ಅಂತ ಅಕ್ಕಪಕ್ಕದವರೆಲ್ಲ ಹೊಗಳಿದರು. ಐದು ದಿನ ಏನೂ ಆಗಲಿಲ್ಲ. ಆರನೇ ದಿನ ಸಾಯಂಕಾಲ ನಮ್ಮ ಮಾವನವರು ಸೌತ್ ಎಂಡ್ ಸರ್ಕಲ್ ಹತ್ತಿರ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಆಟೋದಿಂದ ಅವರನ್ನು ಇಳಿಸುತ್ತಿದ್ದ ಹಾಗೇ ಅತ್ತೆ, ‘ಈ ಕಲ್ಲು ನಮ್ಮನೆಗೆ ಆಗಿಬರಲ್ಲ’ ಅಂದುಬಿಟ್ಟರು. ಮರುದಿನ ಬೆಳಿಗ್ಗೆ ವಜ್ರ ಶೆಟ್ಟರ ಅಂಗಡಿಗೆ ವಾಪಸ್.

ಹೇಗಾಗಿರಬೇಡ ಹೇಳಿ ನನಗೆ! ನಾನು ಬಿಎಸ್ಸಿ ಕೆಮಿಸ್ಟ್ರಿ ಓದಿದವಳು. ಸೈಕಲ್ಲಿನ ಬ್ರೇಕಿಗೂ ದೇವರ ಗೂಡಿನ ಇಂಗಾಲಕ್ಕೂ ಏನು ಸಂಬಂಧ? ಕೇಳುವ ಧೈರ್ಯ ಆಗ ಇರಲಿಲ್ಲ. ಆಮೇಲೆ ಧೈರ್ಯ ಬಂತು, ಆದರೆ ವಜ್ರ ಬರಲಿಲ್ಲ. ಮೈದುನನ ಓದು, ನಾದಿನಿಯ ಮದುವೆ, ಮನೆಯ ಮೇಲಿನ ಮಹಡಿ ಅಂತ ಒಂದಾದ ಮೇಲೊಂದು ಬಂದು ಓಲೆಯ ಮಾತು ಹಿಂದೆ ಬಿತ್ತು. ನಾನು ಅಮೆರಿಕನ್ ಡೈಮಂಡ್ ಅನ್ನುವ ನಕಲಿ ಕಲ್ಲು ಹಾಕಿಕೊಂಡು ನಲವತ್ತು ವರ್ಷ ಕಳೆದೆ. ಆ ಸಿಟ್ಟನ್ನು ನಾನೇನೂ ಒಳಗೆ ನುಂಗಿಕೊಂಡವಳಲ್ಲ. ಸೈಕಲ್ಲಿನಿಂದ ಬಿದ್ದ ವಜ್ರದ ಕಥೆಯನ್ನು ರೆಕ್ಕೆಪುಕ್ಕ ಕಟ್ಟಿ, ಉಪ್ಪುಖಾರ ಹಚ್ಚಿ, ಮದುವೆ ಮನೆಗಳಲ್ಲಿ, ನಮ್ಮ ಸ್ಕೂಲಿನ ಸ್ಟಾಫ್‌ರೂಮಿನಲ್ಲಿ, ಪಾರ್ಕಿನ ಬೆಂಚಿನ ಮೇಲೆ ಹೇಳಿ ಹೇಳಿ ನಗಿಸಿದ್ದೇನೆ. ಎಷ್ಟೋ ಸಲ ಅತ್ತೆಯ ಎದುರೇ ಹೇಳಿದ್ದೇನೆ. ಅವರು ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ನಾಚಿಕೆಯಾಗಿದೆ, ಆಗಲಿ ಅಂದುಕೊಂಡೆ.

ಮದುವೆ ಮನೆ ಅಂದೆನಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಹೆಂಗಸರು ಮೊದಲು ಕಿವಿ ನೋಡುತ್ತಾರೆ, ಆಮೇಲೆ ಮುಖ. ‘ಚೆನ್ನಾಗಿದೀಯೇನೇ?’ ಅನ್ನುವುದು ಬಾಯಿ, ಅಷ್ಟರಲ್ಲಿ ಕಣ್ಣು ಎಡಗಿವಿಯ ಕಲ್ಲು ಎಣಿಸಿ ಬಲಗಿವಿಗೆ ಬಂದಿರುತ್ತದೆ. ಈ ವಿದ್ಯೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಐದಡಿ ದೂರದಿಂದ ಅಸಲಿ ಯಾವುದು ನಕಲಿ ಯಾವುದು ಹೇಳಬಲ್ಲೆ ಅಂತ ಜಂಬ. ಹತ್ತಿರ ಹೋಗುವ ಅವಕಾಶ ಸಿಕ್ಕರೆ ಉಸಿರು ಊದಿ ನೋಡುವುದು: ಮಂಜು ಥಟ್ಟನೆ ಹೋದರೆ ವಜ್ರ, ನಿಂತರೆ ಗಾಜು. ಒಂದು ಆರತಿ ಹೊತ್ತಿನಲ್ಲಿ ಯಾರದೋ ಕಿವಿಗೆ ಊದಲು ಹೋಗಿ, ಅವರು ಬೆಚ್ಚಿ ತಟ್ಟೆ ಬೀಳಿಸಿದ್ದೂ ಉಂಟು. ಅದನ್ನು ಬಿಡಿ.

ಈ ವರ್ಷ ಮಗನ ಮದುವೆಯಾಯಿತು. ಸೊಸೆ ನಿಧಿ ತಲಘಟ್ಟಪುರದವಳು. ಅವಳ ತಾತನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರಪ್ಪನ ಬಾಡಿಗೆ ಮನೆಗಳಿವೆ. ಹುಡುಗಿ ಹಲ್ಲಿನ ಡಾಕ್ಟರು, ಬಿಟಿಎಂ ಲೇಔಟಿನಲ್ಲಿ ಸ್ವಂತ ಕ್ಲಿನಿಕ್ಕು. ಪಿಜಿಯಲ್ಲಿ ಇದ್ದುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಸಿಹಿ ತಿನ್ನುವ ಹುಡುಗ ಹುಡುಗಿಯರೆಲ್ಲ ಅವಳ ಗಿರಾಕಿಗಳು. ಇಬ್ಬರೂ ತಾವೇ ಮೆಚ್ಚಿಕೊಂಡು ಆದ ಮದುವೆ. ನಮ್ಮವರ ಅಕ್ಕ, ಬನಶಂಕರಿಯ ಪದ್ಮಾ ಅತ್ತಿಗೆ, ‘ಹುಡುಗಿ ಏನೋ ಚೆನ್ನಾಗಿದಾಳೆ, ಆದ್ರೆ ನಮ್ಮೋರಲ್ಲವಲ್ಲ’ ಅಂತ ಮದುವೆ ಊಟದ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಅಂದಿದ್ದರು.

ಮನೆಗೆ ಬಂದ ಮೊದಲನೇ ವಾರವೇ ನಿಧಿಗೂ ನನ್ನ ಸೈಕಲ್ ಪುರಾಣ ಆಯಿತು. ಅವಳು ನಕ್ಕಳು, ಆದರೆ ಉಳಿದವರಂತೆ ಅಲ್ಲಿಗೇ ಬಿಡಲಿಲ್ಲ. ನಾಲ್ಕು ತಿಂಗಳಿಗೆ ನನ್ನ ಹುಟ್ಟಿದ ಹಬ್ಬ ಬಂತು. ‘ಅಮ್ಮ, ಬನ್ನಿ, ಸುಮ್ನೆ ಒಂದ್ ರೌಂಡ್ ಹೋಗ್ಬರೋಣ’ ಅಂತ ಫೋರ್ತ್ ಬ್ಲಾಕಿನ ಹೊಸ ಒಡವೆ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿನ ಹುಡುಗಿ ಎರಡು ಜೊತೆ ಏಳು ಕಲ್ಲಿನ ಓಲೆ ಮುಂದಿಟ್ಟಳು. ‘ಮೇಡಂ, ಒಂದು ಭೂಮಿಯಿಂದ ತೆಗೆದಿದ್ದು. ಇನ್ನೊಂದು ಲ್ಯಾಬಲ್ಲಿ ಬೆಳೆಸಿದ್ದು. ಯಾವುದು ಯಾವುದು ಅಂತ ಹೇಳ್ತೀರಾ?’

ನನ್ನನ್ನು ಕೇಳುತ್ತಾಳೆ! ಕನ್ನಡಕ ಸರಿಮಾಡಿಕೊಂಡೆ. ಊದಿದೆ, ಎರಡರ ಮಂಜೂ ಥಟ್ಟನೆ ಹೋಯಿತು. ಬೆಳಕಿಗೆ ಹಿಡಿದೆ, ಎರಡೂ ಹೊಳೆದವು. ಕೊನೆಗೆ ಎಡಗಡೆಯದನ್ನು ತೋರಿಸಿ, ‘ಇದು ಭೂಮೀದು. ನೋಡಿ, ಇದಕ್ಕೊಂದು ಗಾಂಭೀರ್ಯ ಇದೆ. ಆ ಇನ್ನೊಂದು ಸ್ವಲ್ಪ ಚೆಲ್ಲುಚೆಲ್ಲು’ ಅಂದೆ. ಅಂಗಡಿಯ ಹುಡುಗಿ ಎಷ್ಟೋ ಹೊತ್ತು ತಲೆ ತಗ್ಗಿಸಿ ನಗು ತಡೆದುಕೊಂಡಳು. ಗಾಂಭೀರ್ಯದ್ದೇ ಲ್ಯಾಬಿನದು. ನಿಧಿ, ‘ಪ್ಯಾಕ್ ಮಾಡಿ, ಅಮ್ಮನೇ ಸೆಲೆಕ್ಟ್ ಮಾಡಿದ್ದು’ ಅಂದೇಬಿಟ್ಟಳು.

ಕ್ಲಾಸಿನಲ್ಲಿ ಮೂವತ್ತು ವರ್ಷ ನಾನೇ ಪಾಠ ಮಾಡಿದ್ದೇನೆ, ಇದ್ದಿಲೂ ಇಂಗಾಲ, ವಜ್ರವೂ ಇಂಗಾಲ, ಜೋಡಣೆ ಬೇರೆ ಅಷ್ಟೆ ಅಂತ. ಒಂದು ಹುಡುಗಿ ಎದ್ದುನಿಂತು, ‘ಮಿಸ್, ಹಂಗಾದ್ರೆ ನಾವೇ ವಜ್ರ ಮಾಡ್ಬೋದಾ?’ ಅಂದಿದ್ದಳು. ‘ದೇವರು ಮಾಡೋ ಕೆಲಸ ಅದು, ಕೂತ್ಕೋ’ ಅಂದಿದ್ದೆ. ಈಗ ಎಲ್ಲಿದ್ದಾಳೋ, ಸಿಕ್ಕರೆ ಕ್ಷಮೆ ಕೇಳಬೇಕು.

ಬೆಲೆಯ ವಿಷಯದಲ್ಲಿ ನನಗೆ ಗೊಂದಲವಿಲ್ಲ, ನೇರವಾಗಿ ಹೇಳುತ್ತೇನೆ. ನಾಳೆ ಮಾರಲು ಹೋದರೆ ಭೂಮಿಯ ವಜ್ರಕ್ಕೆ ಸಿಗುವ ಮರ್ಯಾದೆ ಲ್ಯಾಬಿನದಕ್ಕೆ ಸಿಗುವುದಿಲ್ಲ. ಅಪರೂಪವಾದದ್ದಕ್ಕೆ ಬೆಲೆ, ಬೇಕೆಂದಾಗ ಬೆಳೆಯುವುದಕ್ಕೆ ಅಷ್ಟಿಲ್ಲ, ಇದು ಸಂತೆಯ ಸೊಪ್ಪಿಗೂ ಸಲ್ಲುವ ಲೆಕ್ಕ. ಆದರೆ ಮಾರಲು ಯಾರು ಹೋಗುತ್ತಾರೆ? ನನ್ನ ಪಾರ್ಕಿನ ಗೆಳತಿಯರನ್ನೇ ನೋಡಿ. ಅವರ ನಿಜವಾದ ಚಿನ್ನವೆಲ್ಲ ಬ್ಯಾಂಕಿನ ಲಾಕರಿನ ಕತ್ತಲಲ್ಲಿ ಕೂತಿದೆ. ಕತ್ತಿನ ಮೇಲೆ ಬಿಸಿಲು ಕಾಣುತ್ತ, ಬೆವರು ಕುಡಿಯುತ್ತ, ನಾಲ್ಕು ಜನರಿಂದ ‘ಎಷ್ಟು ಚೆನ್ನಾಗಿದೆ’ ಅನ್ನಿಸಿಕೊಳ್ಳುತ್ತ ಸಂಸಾರ ಮಾಡುತ್ತಿರುವುದು ಒಂದು ಗ್ರಾಂ ಚಿನ್ನದ ಲೇಪದ ಸರ. ಈ ಎರಡರಲ್ಲಿ ಬದುಕಿದ್ದು ಯಾವುದು ಅಂತ ನೀವೇ ಹೇಳಿ.

ಹೀಗೆಲ್ಲ ವಾದ ಸಿದ್ಧಮಾಡಿಕೊಂಡು ಮನೆಗೆ ಬಂದರೆ, ಎಂಬತ್ತಾರರ ಅತ್ತೆ ಓಲೆಯನ್ನು ಅಂಗೈಯಲ್ಲಿಟ್ಟು ನೋಡಿ ಅಂದರು: ‘ಚೆನ್ನಾಗಿದೆ. ಏಳು ದಿನ ದೇವರ ಮುಂದೆ ಇಡು.’

‘ಅಜ್ಜಿ, ಇದು ಮೆಷಿನ್ನಲ್ಲಿ ಮಾಡಿದ್ದು. ಇದಕ್ಕೆ ದೋಷ ಗೀಷ ಇರಲ್ಲ’ ಅಂದಳು ನಿಧಿ.

‘ಮೆಷಿನ್ನಲ್ಲಿ ಮಾಡಿದ್ದು ಮನೆಗೆ ಆಗಿಬರುತ್ತೋ?’

‘ನಿಮ್ ಬಾಯಲ್ಲಿರೋ ಹಲ್ಲಿನ ಸೆಟ್ಟೂ ಲ್ಯಾಬಿಂದಾನೇ ಬಂದಿದ್ದು ಅಜ್ಜಿ. ದೇವರು ಕೊಟ್ಟಿದ್ದು ಬಿದ್ಹೋಯ್ತು, ಇದು ಹತ್ತು ವರ್ಷದಿಂದ ಚಕ್ಕುಲಿ ಕಡೀತಿದೆ.’

ಅತ್ತೆಗೆ ನಗು ಬಂತು. ಆದರೂ ಏಳು ದಿನ ಅಂದರೆ ಏಳು ದಿನ. ನಿಧಿ ತಾನೇ ಓಲೆಯನ್ನು ಆ ಹಳೆಯ ಪೊಟ್ಟಣದ ಪಕ್ಕ ಇಟ್ಟಳು. ಅವಳ ಮುಖ ನೋಡಿದೆ. ನನಗೆ ಕೊಟ್ಟ ಉಡುಗೊರೆ ಇದು, ಆದರೆ ಪರೀಕ್ಷೆಗೆ ಕೂತವಳು ತಾನು ಅಂತ ಹುಡುಗಿಗೆ ಗೊತ್ತಾಗಿಹೋಗಿತ್ತು.

ಆ ವಾರ ನಮ್ಮ ಮನೆಯಲ್ಲಿ ನಡೆದದ್ದು ಕಳ್ಳರ ಸಂತೆ. ಏನೂ ಕೆಟ್ಟದಾಗಬಾರದು, ಆದರೆ ಅತ್ತೆಗೆ ತಿಳಿಯಬಾರದು, ಇದು ನಾನು ಹೊರಡಿಸಿದ ಆಜ್ಞೆ. ಸೋಮವಾರ ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಗೃಹಪ್ರವೇಶದಲ್ಲಿ ಉಕ್ಕಿದರೆ ಶುಭ, ಸೋಮವಾರ ಉಕ್ಕಿದರೆ ಏಕೆ ಅಶುಭ ಅಂತ ನನ್ನನ್ನೇ ಸಮಾಧಾನ ಮಾಡಿಕೊಂಡು ಒರೆಸಿದೆ. ಮಂಗಳವಾರ ನಮ್ಮವರು ಶಾಪಿಂಗ್ ಕಾಂಪ್ಲೆಕ್ಸ್ ಹತ್ತಿರ ಸ್ಕೂಟರನ್ನು ಯಾರದೋ ಕಾರಿಗೆ ಒರೆಸಿಕೊಂಡು ಬಂದರು. ಗೀಚು ಕಾಣದ ಹಾಗೆ ಅದರ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ ನಿಲ್ಲಿಸಿದೆವು. ‘ಬಿಸಿಲಿಗೆ ಬಣ್ಣ ಹೋಗುತ್ತಮ್ಮ’ ಅಂತ ನಮ್ಮವರು ಅಮ್ಮನಿಗೆ ಕಾರಣ ಕೊಟ್ಟರು. ಬುಧವಾರ ಇನ್‌ವರ್ಟರ್ ಕೆಟ್ಟಿತು, ಆದರೆ ಪುಣ್ಯಕ್ಕೆ ಕರೆಂಟ್ ಹೋಗಲಿಲ್ಲ. ವಿಜ್ಞಾನ ಓದಿದವಳು ನಾನು, ಶಕುನ ನಂಬದವಳು. ಗುರುವಾರ ಬೆಳಿಗ್ಗೆ ಬೆಕ್ಕು ಅಡ್ಡ ಬಂತೆಂದು ಅದನ್ನು ಗೇಟಿನಾಚೆ ಅಟ್ಟಿ, ಯಾರೂ ನೋಡಲಿಲ್ಲವಷ್ಟೆ ಅಂತ ಸುತ್ತ ಕಣ್ಣಾಡಿಸಿದೆ.

ಶನಿವಾರ, ಏಳನೇ ದಿನ. ಮಧ್ಯಾಹ್ನ ಊಟಕ್ಕೆ ಪದ್ಮಾ ಅತ್ತಿಗೆ ಬಂದಿದ್ದರು. ಅತ್ತೆ, ಹಲ್ಲಿನ ಸೆಟ್ಟು ಎಡಗಡೆ ಒತ್ತುತ್ತದೆ ಅಂದರು. ‘ಕೊಡಿ ಅಜ್ಜಿ, ಎರಡು ನಿಮಿಷ, ಉಜ್ಜಿ ಸರಿ ಮಾಡ್ತೀನಿ’ ಅಂತ ನಿಧಿ ತೆಗೆದುಕೊಂಡು ಹೋದಳು. ಬೇಸಿನ್ನಿನ ಹತ್ತಿರ ಠಣ್ ಅಂತ ಸದ್ದಾಯಿತು. ನಾನು ಓಡಿದೆ. ಸೆಟ್ಟು ಎರಡು ಹೋಳು. ದಿನಕ್ಕೆ ಇಪ್ಪತ್ತು ಬಾಯಿ ನೋಡುವ ಡಾಕ್ಟರಮ್ಮ ಬಿಳಿಚಿಕೊಂಡು, ಒಂದೊಂದು ಕೈಯಲ್ಲಿ ಒಂದೊಂದು ಹೋಳು ಹಿಡಿದು ಹಾಲಿಗೆ ಬಂದು ನಿಂತಳು.

ಪದ್ಮಾ ಅತ್ತಿಗೆ ಅಷ್ಟರಲ್ಲಾಗಲೇ ಬೆಡ್‌ಶೀಟ್ ಎತ್ತಿ ಸ್ಕೂಟರ್ ನೋಡಿಯಾಗಿತ್ತು. ಲೋಟ ಕೆಳಗಿಟ್ಟು ಶುರುಮಾಡಿದರು. ‘ನಾನು ಹೇಳ್ಬಾರ್ದು ಅಂತಿದ್ದೆ. ಮದ್ವೆ ಆದಾಗಿಂದ ನೋಡ್ತಾನೇ ಇದೀನಿ. ಇವನ ಸ್ಕೂಟರ್ ಆಯ್ತು, ಈಗ ಅಮ್ಮನ ಹಲ್ಲು ಹೋಯ್ತು. ಸುಮ್ನೆ ಹೇಳ್ತಾರಾ ದೊಡ್ಡೋರು, ಸೊಸೆ ಕಾಲ್ಗುಣ ಅಂತ...’

‘ಪದ್ಮಾ!’ ಅಂದರು ಅತ್ತೆ. ಹಲ್ಲಿಲ್ಲದಿದ್ದರೂ ಆ ದನಿಗೆ ನಾವೆಲ್ಲ ಸೆಟೆದು ನಿಂತೆವು. ‘ಹುಡುಗಿ ಸುದ್ದಿಗೆ ಹೋಗ್ಬೇಡ. ಇದೆಲ್ಲ ಆ ಕಲ್ಲಿಂದ ಆಗಿದ್ದು. ಶಾರದಾ, ನಾಳೆ ಬೆಳಿಗ್ಗೆ ಅದನ್ನ ವಾಪಸ್ ಕೊಟ್ಟುಬಿಡು’ ಅಂತ ನನ್ನ ಕಡೆ ತಿರುಗಿದರು.

ನಿಧಿ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ನನಗಂತೂ ಮೈಯೆಲ್ಲ ಉರಿದುಹೋಯಿತು. ಎರಡನೇ ಸಲ! ಅದೇ ದೇವರ ಗೂಡು, ಅದೇ ಮಾತು! ಅತ್ತೆ ಎದ್ದು ತಮ್ಮ ಕೋಣೆಗೆ ಹೋದರು, ನಾನು ಬೆನ್ನಿಗೇ ಹೋಗಿ ಬಾಗಿಲು ಹಾಕಿದೆ.

‘ಅತ್ತೆ, ಅವತ್ತು ಸುಮ್ನಿದ್ದೆ, ಇವತ್ತು ಇರಲ್ಲ. ಆ ಮಗು ಆಸೆಪಟ್ಟು ತಂದಿದೆ. ಲ್ಯಾಬಲ್ಲಿ ಮಾಡಿದ ಕಲ್ಲು ಅದು, ಅದಕ್ಕೆ ಯಾವ ದೋಷಾನೂ ಇಲ್ಲ.’

‘ನಂಗೊತ್ತಿಲ್ವೇನೇ?’ ಅಂದರು ಅತ್ತೆ, ಮಂಚದ ಮೇಲೆ ಕೂರುತ್ತ. ‘ಅವತ್ತಿನ ಕಲ್ಲಿಗೂ ಇರ್ಲಿಲ್ಲ.’

ನಾನು ಮಂಚದ ಅಂಚಿಗೆ ಕೂತೆ.

‘ನಮ್ಮತ್ತೆ ಇದ್ರಲ್ಲ ಆಗ. ಅವರ ನಾಲಿಗೆ ನೆನಪಿದೆಯೋ ಇಲ್ವೋ ನಿಂಗೆ. ನಿಮ್ಮಾವನ್ನ ಆಟೋದಿಂದ ಇಳಿಸ್ತಿದ್ದಂಗೇ ಅವರು ನಿನ್ನ ಕಡೆ ತಿರುಗಿ ನೋಡಿದ್ರು. ಆ ನೋಟ ನಂಗೊತ್ತು. ನಾನು ಬಂದ ವರ್ಷ ಮನೇಲಿ ಹಸು ಸತ್ತಿತ್ತು. ಕೊನೇವರ್ಗೂ ಆ ಹಸು ನನ್ನ ಲೆಕ್ಕಕ್ಕೇ ಇತ್ತು, ತಿಳ್ಕೋ. ನೀನು ಬಂದು ಮೂರು ತಿಂಗಳು. ಅವರು ಬಾಯಿ ಬಿಡೋದ್ರೊಳಗೆ ನಾನೇ ತಪ್ಪನ್ನ ಕಲ್ಲಿನ ಮೇಲೆ ಹಾಕ್ದೆ. ಕಲ್ಲಿಗೇನು? ವಾಪಸ್ ಹೋಗಿ ಇನ್ನೊಂದು ಮನೆ ಸೇರ್ಕೊಳ್ಳುತ್ತೆ. ನೀನೆಲ್ಲಿಗೆ ಹೋಗ್ತಿದ್ದೆ?’

ನಲವತ್ತು ವರ್ಷ! ನಾನು ಎಷ್ಟು ಸಲ ಆ ಕಥೆ ಹೇಳಿ ಇವರ ಎದುರೇ ಜನರನ್ನು ನಗಿಸಿದ್ದೇನೆ! ‘ಒಂದ್ಸಲ ಹೇಳ್ಬಾರ್ದಿತ್ತಾ ಅತ್ತೆ?’ ಅಂದೆ.

‘ಹೇಳಿದ್ರೆ ನಿಂಗೆ ಅವರ ಮೇಲೆ ಕೋಪ ಬರ್ತಿತ್ತು. ನನ್ನ ಮೇಲಾದ್ರೆ ನಾನು ತಡ್ಕೋತೀನಿ. ಮತ್ತೆ ತರ್ಬೇಕು ಅಂತಿದ್ದೆ, ಆಗ್ಲಿಲ್ಲ. ಆ ಪೊಟ್ಟಣದ ಒಳಗೆ ಬರ್ದಿದೀನಿ ನೋಡು.’

ನಾನು ದೇವರ ಗೂಡಿಗೆ ಹೋಗಿ, ಜನ್ಮದಲ್ಲಿ ಮೊದಲ ಸಲ ಆ ಪೊಟ್ಟಣದ ಮಡಿಕೆ ಬಿಡಿಸಿದೆ. ನೀಲಿ ಕಾಗದದ ಕೆಳಗೆ ಶೆಟ್ಟರ ಕೈಬರಹದಲ್ಲಿ ಕಲ್ಲಿನ ತೂಕ. ಅದರ ಕೆಳಗೆ ಪೆನ್ಸಿಲಿನಲ್ಲಿ, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅತ್ತೆಯ ದುಂಡು ಅಕ್ಷರ: ‘ಇದೇ ಅಳತೆ. ಶಾರದೆಗೆ. ಮುಂದೆ ತರುವುದು.’ ಅಲ್ಲೇ ಗೋಡೆಗೆ ಒರಗಿ ನಿಂತು ಅತ್ತುಬಿಟ್ಟೆ.

ಆಮೇಲೆ ಕಣ್ಣೊರೆಸಿಕೊಂಡು ಯೋಚಿಸಿದೆ. ಅತ್ತೆ ಅವತ್ತು ಮಾಡಿದ್ದು ಸರಿಯೇ. ಅವರ ಮೇಲೆ ಅವರತ್ತೆ ಇದ್ದರು, ಕಲ್ಲನ್ನು ಬಿಟ್ಟುಕೊಟ್ಟು ಹುಡುಗಿಯನ್ನು ಉಳಿಸಿಕೊಂಡರು. ನನ್ನ ಮೇಲಿರುವುದು ಈ ಅತ್ತೆ, ನಾನು ಯಾರಿಗೆ ಹೆದರಬೇಕು? ನಾನು ಯಾಕೆ ಕಲ್ಲನ್ನೂ ಬಿಟ್ಟುಕೊಡಬೇಕು? ಅಮೆರಿಕನ್ ಡೈಮಂಡ್ ಬಿಚ್ಚಿ ಬತ್ತಿಯ ಡಬ್ಬಿಯಲ್ಲಿ ಹಾಕಿ, ಹೊಸ ಓಲೆ ಹಾಕಿಕೊಂಡೆ. ತಿರುಪನ್ನು ಗಟ್ಟಿಯಾಗಿ ಕೂರಿಸಿದೆ. ಹಾಲಿಗೆ ಹೋಗಿ ಪದ್ಮಾ ಅತ್ತಿಗೆಯ ಎದುರಿಗೇ ಕೂತೆ.

‘ಅತ್ತಿಗೆ, ಸ್ಕೂಟರ್ ಗೀಚಿದ್ದು ನಿಮ್ಮ ತಮ್ಮನ ಡ್ರೈವಿಂಗಿಂದ. ಹಲ್ಲು ಬಿದ್ದಿದ್ದು ಕೈ ಜಾರಿ. ಲ್ಯಾಬಲ್ಲಿ ಬೆಳೆಸಿದ ಈ ಕಲ್ಲಿಂದಾನೂ ಅಲ್ಲ, ಹುಡುಗಿಯಿಂದಾನೂ ಅಲ್ಲ. ಕಾಲ್ಗುಣದ ಮಾತು ಈ ಮನೇಲಿ ಇವತ್ತೇ ಕೊನೆ.’

ನಮ್ಮವರು ಪೇಪರಿನ ಹಿಂದೆ ಮರೆಯಾದರು. ಅತ್ತಿಗೆಯ ಕಣ್ಣು ನನ್ನ ಎಡಗಿವಿಗೆ ಹೋಯಿತು, ಅಲ್ಲಿಂದ ಬಲಗಿವಿಗೆ ಬಂತು. ‘ಒಂದ್ಸಲ ಬಿಚ್ಚಿ ಕೊಡೇ, ನೋಡೋಣ’ ಅಂದರು. ಕೊಟ್ಟೆ. ಊದಿ ನೋಡಿದರು. ‘ಅಸಲಿನೇ ಕಣೇ! ಇದನ್ನ ಯಾಕೆ ಲ್ಯಾಬು ಗೀಬು ಅಂತೀರಿ?’ ಅಂದರು. ನಿಧಿ ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು.

ಅತ್ತೆ ಹದಿನೈದು ದಿನ ಗಂಜಿ, ಬಿಸಿಬೇಳೆಬಾತು, ಬಾಳೆಹಣ್ಣಿನಲ್ಲಿ ಕಳೆದರು. ಆ ಹೊತ್ತಿಗೆ ನಿಧಿ ಹೊಸ ಸೆಟ್ಟು ಮಾಡಿಸಿ ತಂದಳು. ಹಾಲಿನ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ಮಂಡಿಯೂರಿ ಕೂತು, ಮೇಲೊಂದು ಕೆಳಗೊಂದು ಜೋಡಿಸಿ, ‘ಕಚ್ಚಿ ಅಜ್ಜಿ... ಈಗ ಹೇಗಿದೆ?’ ಅಂದಳು. ಅತ್ತೆ ಕನ್ನಡಿ ತರಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡರು.

‘ಚೆನ್ನಾಗಿದೆ. ಏಳು ದಿನ ನೋಡ್ಬೇಕು.’

‘ಆಗ್ಲಿ ಅಜ್ಜಿ. ಆಗಿಬರ್ಲಿಲ್ಲ ಅಂದ್ರೆ ವಾಪಸ್ ತಗೋತೀನಿ.’

ಅತ್ತೆ ಕನ್ನಡಿ ಕೆಳಗಿಟ್ಟು ಅವಳ ಗಲ್ಲ ಹಿಡಿದುಕೊಂಡರು. ‘ಹಲ್ಲು ಬೇಕಾದ್ರೆ ವಾಪಸ್ ಕೊಡ್ತೀನಿ ಕಣೇ’ ಅಂದರು. ‘ನಿನ್ನನ್ನ ಕೊಡಲ್ಲ.’